ಹಂದಿ ಮೇಲೆ ಸಿಟ್ಟು, ಕೋತಿಗೆ ಮುಲಾಜು: ಬೆಳೆ ತಿನ್ನುವ ಪ್ರಾಣಿಗಳ ಬಗ್ಗೆ ತುಮಕೂರಿನ ರೈತರ ಲೆಕ್ಕ

ಕಡಲೆಕಾಯಿ ಬಲಿಯುವ ಹೊತ್ತಿಗೆ ಪಾವಗಡ, ಮಧುಗಿರಿ, ಶಿರಾ ಕಡೆ ಯಾವ ಹಳ್ಳಿಯ ಟೀ ಅಂಗಡಿಯಲ್ಲಿ ಕೂತರೂ ಕಾಡುಹಂದಿ ಸುದ್ದಿ ಬಂದೇ ಬರುತ್ತದೆ. ಬೈಗುಳ ಧಾರಾಳ. ಅದನ್ನು ಕೇಳಿದ ಪೇಟೆಯವರು ರೈತರಿಗೆ ಕಾಡುಪ್ರಾಣಿ ಕಂಡರೆ ಆಗುವುದಿಲ್ಲ ಅಂದುಕೊಂಡು ವಾಪಸ್ ಬರುತ್ತಾರೆ. ಇನ್ನು ಕೆಲವರು ಉಲ್ಟಾ ಹೇಳುತ್ತಾರೆ. ನಮ್ಮ ಹಳ್ಳಿಗರು ಸಕಲ ಜೀವಿಗಳಲ್ಲೂ ದೇವರನ್ನು ಕಾಣುವವರು, ಈ ಸಿಟ್ಟೆಲ್ಲ ಈಚಿನದು ಅಂತ. ಎರಡೂ ಸುಮ್ನೆ ಮಾತು. ಅದೇ ಟೀ ಅಂಗಡಿಯಲ್ಲಿ ಇನ್ನೊಂದು ಅರ್ಧ ಗಂಟೆ ಕೂತು ನೋಡಿ. ಹಂದಿಗಳನ್ನೆಲ್ಲ ಗುಂಡು ಹೊಡೆದು ಸಾಯಿಸಬೇಕು ಅಂದ ಮನುಷ್ಯನೇ ಊರಲ್ಲಿ ಕೋತಿ ಸತ್ತಾಗ ಹೂವು ಹಾಕಿ, ತಮಟೆ ಬಡಿಸಿ, ಮೆರವಣಿಗೆ ಮಾಡಿ ಮಣ್ಣು ಮಾಡಿದ್ದನ್ನೂ, ಆಮೇಲೆ ಚಂದಾ ಎತ್ತಿ ತಿಥಿ ಊಟ ಹಾಕಿಸಿದ್ದನ್ನೂ ಹೆಮ್ಮೆಯಿಂದ ಹೇಳುತ್ತಾನೆ. ಆ ಕೋತಿ ಬದುಕಿದ್ದಾಗ ಅವನ ತೋಟದ ಎಳನೀರನ್ನೆಲ್ಲ ಕುಡಿದು ಬಿಸಾಕಿತ್ತು ಅನ್ನುವುದೂ ಅವನಿಗೆ ಗೊತ್ತು.

ಹಾಗಾದರೆ ರೈತರ ಮನಸ್ಸಲ್ಲಿ ಇರುವುದೇನು? ನನಗೆ ಕಾಣುವುದು ಇಷ್ಟು. ಪ್ರಾಣಿ ಎಷ್ಟು ತಿಂದಿತು ಅನ್ನುವುದರಿಂದ ಮಾತ್ರ ಸಿಟ್ಟು ಹುಟ್ಟುವುದಿಲ್ಲ. ತಿಂದದ್ದಕ್ಕೆ ಯಾರನ್ನು ಕೇಳಬೇಕು, ನಷ್ಟ ನನ್ನೊಬ್ಬನದೋ ಊರಿನದೋ, ನಾನು ಏನಾದರೂ ಮಾಡಬಹುದೋ ಇಲ್ಲವೋ, ಇವುಗಳ ಮೇಲೆ ಸಿಟ್ಟು ಏರುತ್ತದೆ, ಇಳಿಯುತ್ತದೆ. ಅದಕ್ಕೇ ಒಂದೊಂದು ಪ್ರಾಣಿಗೂ ಒಂದೊಂದು ಲೆಕ್ಕ.

ಮೊದಲು ಹಂದಿ. ಜಿಲ್ಲೆಯಲ್ಲಿ ಅತಿ ಹೆಚ್ಚು ಬೈಸಿಕೊಳ್ಳುವ ಪ್ರಾಣಿ ಇದೇ, ಅದಕ್ಕೆ ಕಾರಣವೂ ಇದೆ. ಕಡಲೆಕಾಯಿ, ಮುಸುಕಿನ ಜೋಳ, ಗೆಣಸು, ತೆನೆ ಕಟ್ಟಿದ ರಾಗಿ, ಹೋದ ತಿಂಗಳು ನೆಟ್ಟ ತೆಂಗಿನ ಸಸಿ, ಯಾವುದನ್ನೂ ಬಿಡುವುದಿಲ್ಲ. ರಾತ್ರಿ ಬರುತ್ತದೆ, ಗುಂಪಲ್ಲಿ ಬರುತ್ತದೆ, ತಿನ್ನುವುದಕ್ಕಿಂತ ಜಾಸ್ತಿ ಹಾಳು ಮಾಡುತ್ತದೆ. ಮೂತಿಯಲ್ಲಿ ಸಾಲು ಹಿಡಿದು ಅಗೆದುಕೊಂಡು ಹೋದರೆ ಬೆಳಗ್ಗೆ ಹೊಲ ನೋಡಿದವರಿಗೆ ಯಾರೋ ಟಿಲ್ಲರ್ ಹೊಡೆದಿದ್ದಾರೆ ಅನ್ನಿಸುತ್ತದೆ. ಒಂದು ಸೂಲಿಗೆ ನಾಲ್ಕೈದು ಮರಿ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು. ನಮ್ಮ ಕಡೆ ಹುಲಿ ಇಲ್ಲ. ಚಿರತೆ ಮರಿಹಂದಿಯನ್ನು ಹಿಡಿಯುತ್ತದೆ, ಕೋರೆ ಬಂದ ಗಂಡಿನ ತಂಟೆಗೆ ಹೋಗುವುದು ಕಡಿಮೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬಂಡೀಪುರ, ನಾಗರಹೊಳೆ ಕಡೆ ಪ್ರಾಣಿ ಕಾಡಿನಿಂದ ಬಂತು ಅಂತ ಹೇಳಬಹುದು. ಅಲ್ಲಿ ಕಾಡಿಗೆ ಒಂದು ಅಂಚು ಇದೆ, ಆ ಅಂಚಿಗೆ ಕಂದಕ ತೋಡಬಹುದು, ರೈಲು ಹಳಿಯ ಬೇಲಿ ಹಾಕಬಹುದು. ತುಮಕೂರಿನಲ್ಲಿ ಆ ಅಂಚು ಎಲ್ಲಿದೆ ಹೇಳಿ? ದೇವರಾಯನದುರ್ಗ, ಬುಕ್ಕಾಪಟ್ಟಣ, ಮಧುಗಿರಿ, ಕೊರಟಗೆರೆ ಬೆಟ್ಟಗಳನ್ನು ಬಿಟ್ಟರೆ ಉಳಿದದ್ದೆಲ್ಲ ಹೊಲ, ತೋಟ, ಗೋಮಾಳ, ಕೆರೆ. ಹಂದಿ ಹಗಲು ಮಲಗುವುದು ಕೆರೆ ಅಂಗಳದ ಬಳ್ಳಾರಿ ಜಾಲಿ ಪೊದೆಯಲ್ಲಿ, ಬೀಳು ಬಿದ್ದ ಹೊಲದ ಲಂಟಾನದೊಳಗೆ, ಬೆಂಗಳೂರಿನವರು ಮುಂದೆ ರೇಟು ಬರುತ್ತೆ ಅಂತ ಕೊಂಡು ತಂತಿ ಬೇಲಿ ಹಾಕಿ ಬಿಟ್ಟುಹೋದ ಜಮೀನಿನಲ್ಲಿ. ಅಂದರೆ ಹಂದಿಯ ಮನೆ ಪಕ್ಕದ ಸರ್ವೆ ನಂಬರ್. ಇದಕ್ಕೆ ಅರಣ್ಯ ಇಲಾಖೆಯವರು ಕಂದಕ ತೋಡುವುದಾದರೂ ಎಲ್ಲಿ?

ಹಂದಿಗೆ ದೇವರ ರಕ್ಷಣೆಯೂ ಇಲ್ಲ. ವರಾಹ ವಿಷ್ಣುವಿನ ಅವತಾರವೇ ಸರಿ, ಆದರೆ ಆ ಲಾಭ ಯಾವ ಹಂದಿಗೂ ಸಿಕ್ಕಿಲ್ಲ. ಅದರ ಮಾಂಸ ತಿನ್ನುವವರು ಊರೂರಲ್ಲೂ ಇದ್ದಾರೆ.

ಕೋತಿ ಮಾಡುವ ನಷ್ಟ ಏನು ಕಡಿಮೆಯಾ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟದವರನ್ನು ಕೇಳಿ. ಎಳೆ ಕಾಯಿ ಕಿತ್ತು, ತೂತು ಮಾಡಿ, ಎರಡು ಗುಟುಕು ಕುಡಿದು ಬಿಸಾಕಿ ಇನ್ನೊಂದಕ್ಕೆ ಕೈ ಹಾಕುತ್ತವೆ. ಬಾಳೆ, ಸೀಬೆ, ಪಪಾಯಿ, ಅವರೆಕಾಯಿ ಕತೆ ಹೇಳುವುದೇ ಬೇಡ. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಧಾರಣೆ ಹಿಂದೆಂದೂ ಕಾಣದಷ್ಟು ಏರಿತು, ಎಳನೀರೂ ದುಬಾರಿಯಾಯಿತು. ಕಾಸು ಬಂದಾಗ ಹೋಗಲಿ ಬಿಡು ಅನ್ನಬೇಕಿತ್ತು ಅಲ್ವಾ? ಆಗಿದ್ದು ಉಲ್ಟಾ. ಕಾಯಿ ರೇಟು ಏರಿದ ಹಾಗೆ ಕೋತಿ ಮೇಲಿನ ಮುಲಾಜು ಇಳಿಯಿತು. ನಷ್ಟ ಎಷ್ಟು ಕಾಯಿ ಅನ್ನುವುದಕ್ಕಿಂತ ಎಷ್ಟು ರೂಪಾಯಿ ಅನ್ನುವುದು ಕಣ್ಣಿಗೆ ಬೀಳತೊಡಗಿತು. ಹಾಗಂತ ಯಾರೂ ಕೋತಿಗೆ ಕಲ್ಲಿಗಿಂತ ದೊಡ್ಡದನ್ನು ಬೀಸಲಿಲ್ಲ. ಆಂಜನೇಯನ ಗುಡಿ ಇಲ್ಲದ ಊರು ಜಿಲ್ಲೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಇದು ನಮ್ಮ ಕಡೆಯವರ ಮಾತ್ರದ ಮಾತಲ್ಲ. ಹಿಮಾಚಲ ಪ್ರದೇಶದಲ್ಲಿ ಬೇರೆ ಜಾತಿಯ ಕೋತಿ ಇದೆ, ರೀಸಸ್ ಕೋತಿ. ಅಲ್ಲಿನ ರೈತರು ವರ್ಷಗಟ್ಟಲೆ ಗಲಾಟೆ ಮಾಡಿದ ಮೇಲೆ 2016ರಲ್ಲಿ ಕೇಂದ್ರ ಸರ್ಕಾರ ಶಿಮ್ಲಾದಲ್ಲಿ ಅದನ್ನು ಉಪದ್ರವಕಾರಿ ಪ್ರಾಣಿ ಅಂತ ಘೋಷಿಸಿತು. ಕೊಂದರೂ ಕೇಸಿಲ್ಲ. ಆದರೂ ಜನ ಕೊಲ್ಲಲು ಮುಂದೆ ಬರಲಿಲ್ಲ. ಕಾನೂನು ಕೈ ಬಿಟ್ಟರೂ ಮನಸ್ಸು ಬಿಡಲಿಲ್ಲ. ಅವರಿಗೆ ಬೇಕಿದ್ದದ್ದು ಕೋತಿ ಇಲ್ಲದ ತೋಟ, ಕೋತಿ ಕೊಂದ ಪಾಪ ಬೇಕಿರಲಿಲ್ಲ. ನಮ್ಮಲ್ಲಿ ಇದಕ್ಕೆ ಸಿಕ್ಕಿರುವ ಉಪಾಯ ಏನೆಂದರೆ ದುಡ್ಡು ಒಟ್ಟು ಹಾಕಿ ಕೋತಿ ಹಿಡಿಯುವವರನ್ನು ಕರೆಸಿ, ಬೋನಿಗೆ ತುಂಬಿ, ದೂರದ ಬೆಟ್ಟಕ್ಕೆ ಬಿಡಿಸುವುದು. ಬೆಟ್ಟದ ಬುಡದಲ್ಲೂ ಊರಿದೆ. ಆ ಊರಿನವರು ಇನ್ನೊಬ್ಬರನ್ನು ಕರೆಸುತ್ತಾರೆ. ಹೀಗೆ ಕೋತಿಗಳು ಸರ್ಕಾರಿ ನೌಕರರ ಹಾಗೆ ವರ್ಗಾವಣೆ ಆಗುತ್ತಲೇ ಇರುತ್ತವೆ.

ಒಂದು ಮಾತು ಸೇರಿಸಬೇಕು. ರೈತರ ಅಭಿಪ್ರಾಯ ಅಂತ ನಾವು ಕೇಳಿಸಿಕೊಳ್ಳುವುದು ಹೆಚ್ಚಾಗಿ ಗಂಡಸರದ್ದು. ಹೆಂಗಸರನ್ನು ಕೇಳಿದರೆ ಪಟ್ಟಿ ಬದಲಾಗುತ್ತದೆ. ರಾತ್ರಿ ಕಾವಲಿಗೆ ಹೋಗುವುದು ಗಂಡಸರು, ಹಾಗಾಗಿ ಅವರಿಗೆ ಹಂದಿ ಮೊದಲು. ಹಗಲು ಹೆಂಚು ಸರಿಸಿ ಒಳಗೆ ಇಳಿದು ರಾಗಿ ಹಿಟ್ಟಿನ ಡಬ್ಬ ಉರುಳಿಸುವ, ಮಗುವಿನ ಕೈಯ ಬಾಳೆಹಣ್ಣು ಕಿತ್ತುಕೊಳ್ಳುವ ಕೋತಿ ಜೊತೆ ಏಗುವವರು ಹೆಂಗಸರು. ಅವರು ಆಂಜನೇಯನಿಗೆ ಕೈ ಮುಗಿಯುತ್ತಲೇ ಕೋತಿಗೆ ಶಾಪ ಹಾಕುತ್ತಾರೆ. ಅದರಲ್ಲಿ ಅವರಿಗೆ ಯಾವ ಗೊಂದಲವೂ ಇದ್ದ ಹಾಗೆ ಕಾಣುವುದಿಲ್ಲ.

ನವಿಲಿನ ವಿಷಯದಲ್ಲಿ ಬದಲಾವಣೆ ಇನ್ನೂ ನಡೆಯುತ್ತಿದೆ. ಹಿಂದೆ ನವಿಲು ಕಂಡರೆ ಮಕ್ಕಳನ್ನು ಕರೆದು ತೋರಿಸುತ್ತಿದ್ದರು. ಈಗ ತೋಟಕ್ಕೆ ಹೋದರೆ ಎದುರಿಗೆ ಹಿಂಡು. ಇದು ಬರೀ ಅನ್ನಿಸಿಕೆಯಲ್ಲ, ದೇಶದ ಹಕ್ಕಿಗಳ ಸ್ಥಿತಿಗತಿ ಬಗ್ಗೆ 2020ರಲ್ಲೂ 2023ರಲ್ಲೂ ಬಂದ ವರದಿಗಳು ನವಿಲಿನ ಸಂಖ್ಯೆ ಚೆನ್ನಾಗಿ ಏರಿದೆ ಎಂದೇ ಹೇಳಿವೆ. ಬಿತ್ತಿದ ಬೀಜ ಕೆದಕುತ್ತದೆ, ಮೊಳಕೆ ಕೀಳುತ್ತದೆ, ಟೊಮೆಟೊ ಹಣ್ಣಾದರೆ ಒಂದೊಂದಕ್ಕೂ ಒಂದೊಂದು ಕುಕ್ಕು ಕೊಟ್ಟು ಹೋಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು, ಕುಕ್ಕಿದ ಹಣ್ಣನ್ನು ಮಂಡಿಯಲ್ಲಿ ಯಾರೂ ಮುಟ್ಟುವುದಿಲ್ಲ. ಸುಬ್ರಹ್ಮಣ್ಯನ ವಾಹನ, 1963ರಿಂದ ರಾಷ್ಟ್ರಪಕ್ಷಿ, ಮುಟ್ಟಿದರೆ ಜೈಲು. ಭಕ್ತಿ, ಗೌರವ, ಭಯ ಮೂರೂ ಸೇರಿ ಅದನ್ನು ಕಾಯುತ್ತಿವೆ. ಆದರೆ ನವಿಲಿನ ಬಗ್ಗೆ ಜೋಕು ಶುರುವಾಗಿದೆ. ಜೋಕಿನ ಹಿಂದೆಯೇ ಸಿಟ್ಟು ಬರುತ್ತದೆ ಅಂತ ನನ್ನ ಊಹೆ.

ಇದಕ್ಕೆ ಪೂರಾ ಉಲ್ಟಾ ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಕೃಷ್ಣಮೃಗ. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ 2007ರಲ್ಲಿ ಘೋಷಣೆಯಾದ ಈ ಜಾಗ ಬರೀ 800 ಎಕರೆ ಆಸುಪಾಸು. ಜಿಂಕೆಗೆ ಎಕರೆ ಲೆಕ್ಕ ಗೊತ್ತಿಲ್ಲ. ಸುತ್ತಲ ಹೊಲಗಳಿಗೆ ಹೋಗುತ್ತವೆ, ಪಕ್ಕದ ಆಂಧ್ರದ ಹೊಲಗಳಿಗೂ ಹೋಗುತ್ತವೆ. ಕಡಲೆಕಾಯಿ ಚಿಗುರು, ರಾಗಿ ಪೈರು, ಹುರುಳಿ ಎಲ್ಲವೂ ಅವಕ್ಕೆ ಇಷ್ಟ. ನಷ್ಟ ಇದೆ. ಆದರೆ ಆ ಕಡೆಯವರ ಬಾಯಲ್ಲಿ ಕೃಷ್ಣಮೃಗದ ಮೇಲೆ ಹಂದಿಯ ಮೇಲಿನಷ್ಟು ವಿಷ ನಾನಂತೂ ಕೇಳಿಲ್ಲ. ಯಾಕೆ? ನೋಡಲು ಚೆಂದ ಅನ್ನುವುದು ಒಂದು ಕಾರಣ ಇರಬಹುದು, ಆದರೆ ನವಿಲು ಅದಕ್ಕಿಂತ ಚೆಂದ. ನನಗೆ ಹೆಚ್ಚು ಸರಿ ಅನ್ನಿಸುವ ಕಾರಣ ಬೇರೆ. ಜಿಂಕೆ ಹಗಲು ಕಣ್ಣಿಗೆ ಕಾಣುತ್ತದೆ, ಓಡಿಸಿದರೆ ಓಡುತ್ತದೆ, ಮನುಷ್ಯನ ಮೇಲೆ ಏರಿ ಬರುವುದಿಲ್ಲ, ಮೇಯ್ದ ಪೈರು ಎಳೆಯದಾಗಿದ್ದರೆ ಒಂದು ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ. ತಾನು ಏನೋ ಮಾಡಬಲ್ಲೆ ಅನ್ನುವ ಧೈರ್ಯ ರೈತನಿಗೆ ಉಳಿದಿರುತ್ತದೆ. ಹಂದಿ ವಿಷಯದಲ್ಲಿ ಅದು ಇಲ್ಲ. ಬೆಳಗ್ಗೆ ಎದ್ದು ನೋಡಿದಾಗಲೇ ಗೊತ್ತಾಗುವುದು.

ಶಿರಾ ತಾಲ್ಲೂಕಿನ ಕಗ್ಗಲಡುವನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ. ಊರ ನಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ, ಜನ ಅವುಗಳನ್ನು ಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. ಒಳ್ಳೆಯ ಮಾತೇ. ಆದರೆ ಆ ಕೊಕ್ಕರೆಗಳು ತಿನ್ನುವುದು ಕೆರೆಯ ಮೀನು, ಯಾರ ಹೊಲದ ರಾಗಿಯೂ ಅಲ್ಲ. ಕಗ್ಗಲಡುವಿನವರಿಗೆ ಆಗುವುದು ನಿಮಗೇಕೆ ಆಗುವುದಿಲ್ಲ ಅಂತ ಹಂದಿ ಕಾಟದ ಊರಿನವರಿಗೆ ಉಪದೇಶ ಮಾಡುವುದು ಸರಿಯಲ್ಲ.

ಕರಡಿ, ಚಿರತೆ ವಿಷಯ ಬೆಳೆಗಿಂತ ಜಾಸ್ತಿ ಜೀವದ್ದು. ಕರಡಿ ಹಲಸಿನ ಹಣ್ಣಿಗೆ, ಜೋಳಕ್ಕೆ, ಕಡಲೆಕಾಯಿಗೆ ಬರುತ್ತದೆ, ತಿನ್ನುವುದು ಸ್ವಲ್ಪ. ಆದರೆ ನಸುಕಿನಲ್ಲಿ ಹೊಲಕ್ಕೆ ಹೋದವರ ಮುಖ ಪರಚಿದರೆ ಆ ಊರಲ್ಲಿ ಆಮೇಲೆ ಬೆಳೆ ಲೆಕ್ಕ ಯಾರೂ ಹಾಕುವುದಿಲ್ಲ. ಚಿರತೆಗೆ ಜನ ಹೊಂದಿಕೊಂಡೇ ಇದ್ದರು, ನಾಯಿ ಹೋಯಿತು, ಕುರಿ ಹೋಯಿತು ಅಂತ ಸುಮ್ಮನಾಗುತ್ತಿದ್ದರು. 2019ರ ಕೊನೆಯಿಂದ 2020ರ ಶುರುವಿನವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಮುತ್ತ ಚಿರತೆ ದಾಳಿಗೆ ಚಿಕ್ಕ ಮಕ್ಕಳೂ ಸೇರಿ ಹಲವರು ಸತ್ತ ಮೇಲೆ ಆ ಸಹನೆ ಒಂದೇ ಸಲಕ್ಕೆ ಮುರಿಯಿತು. ಕೋಲಾರ ಜಿಲ್ಲೆಯಲ್ಲಿ, ಬಂಗಾರಪೇಟೆಯ ಕಾಮಸಮುದ್ರದ ಕಡೆ, ತಮಿಳುನಾಡು ಮತ್ತು ಆಂಧ್ರ ಗಡಿ ದಾಟಿ ಬರುವ ಆನೆಗಳದ್ದೂ ಇದೇ ಕತೆ. ಗಣೇಶನಿಗೆ ಕಡುಬು ಮಾಡಿದ ಮನೆಯವರೇ ಆನೆ ಓಡಿಸಲು ಪಟಾಕಿ ತಂದಿಟ್ಟುಕೊಂಡಿರುತ್ತಾರೆ.

ಈಗ ಸ್ವಲ್ಪ ಪಕ್ಕಕ್ಕೆ ಸರಿದು ದನದ ವಿಷಯ ನೋಡೋಣ. ಪಕ್ಕದ ಮನೆಯವನ ಎಮ್ಮೆ ನುಗ್ಗಿ ರಾಗಿ ಮೇಯ್ದರೆ ಏನಾಗುತ್ತದೆ? ಜಗಳ ಆಗುತ್ತದೆ. ಎಮ್ಮೆಯನ್ನು ಹೊಡೆದುಕೊಂಡು ಹೋಗಿ ದೊಡ್ಡಿಗೆ ಕೂಡುತ್ತಾರೆ, ಯಜಮಾನ ದಂಡ ಕಟ್ಟಿ ಬಿಡಿಸಿಕೊಳ್ಳುತ್ತಾನೆ. ಬ್ರಿಟಿಷರ ಕಾಲದಲ್ಲಿ, 1871ರಲ್ಲೇ, ಇದಕ್ಕೆ ಕಾನೂನು ಬಂದಿತ್ತು. ಈಗ ದೊಡ್ಡಿಗಳು ಪಾಳು ಬಿದ್ದಿವೆ, ಆದರೆ ನ್ಯಾಯ ಪಂಚಾಯ್ತಿ ಅರಳಿಕಟ್ಟೆಯಲ್ಲಿ ಇನ್ನೂ ನಡೆಯುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಊರ ದನ, ಕುರಿ, ಮೇಕೆ ತಿನ್ನುವುದು ಸಣ್ಣದಲ್ಲ. ಇಲಿ, ಅಳಿಲು, ಹುಳ ತಿನ್ನುವುದಂತೂ ಇನ್ನೂ ಜಾಸ್ತಿ ಇರಬಹುದು. ಯಾರಾದರೂ ಮೇಕೆ ಹಾವಳಿ ತಡೆಗಟ್ಟಿ ಅಂತ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತಿದ್ದು ನೋಡಿದ್ದೀರಾ?

ಉಗಾಂಡಾದ ಕಿಬಾಲೆ ಕಾಡಿನ ಅಂಚಿನಲ್ಲಿ 1990ರ ದಶಕದಲ್ಲಿ ಲೀಸಾ ನಾಟನ್-ಟ್ರೀವ್ಸ್ ಎಂಬ ಸಂಶೋಧಕಿ ಇದನ್ನೇ ಅಳೆದು ನೋಡಿದ್ದರು. ಸಾಕುಪ್ರಾಣಿಗಳಿಂದಲೂ ಅಲ್ಲಿ ಸಾಕಷ್ಟು ಬೆಳೆ ಹೋಗುತ್ತಿತ್ತು, ಆದರೆ ಜನರ ದೂರು ಕಾಡುಪ್ರಾಣಿಗಳ ಮೇಲೇ ಜಾಸ್ತಿ. ಮೇಕೆಗೆ ಯಜಮಾನನಿದ್ದಾನೆ, ಅವನಿಂದ ನಷ್ಟ ವಸೂಲಿ ಮಾಡಬಹುದು. ಆನೆ ಸರ್ಕಾರದ್ದು, ಸರ್ಕಾರ ಕೈಗೆ ಸಿಗುವುದಿಲ್ಲ. ಅಷ್ಟು ದೂರದ ಊರಿನವರ ಮಾತನ್ನು ನಮ್ಮ ಕೊರಟಗೆರೆಯ ರೈತ ಆಡಿದರೆ ಹೀಗಿರುತ್ತದೆ: "ನಿಮ್ಮ ಹಂದಿ ನೀವೇ ಕಟ್ಕೊಂಡು ಹೋಗಿ ಸ್ವಾಮಿ." ಫಾರೆಸ್ಟ್ ಗಾರ್ಡ್ ಎದುರಿಗೆ ಬಂದಾಗ ಆಡುವ ಮಾತು ಇದು. ಹಂದಿ ಇಲಾಖೆಯದ್ದು, ಹೊಲ ತನ್ನದು. ತಾನು ಮುಟ್ಟುವ ಹಾಗಿಲ್ಲ ಅಂದ ಮೇಲೆ ಮುಟ್ಟಬೇಡ ಅಂದವನೇ ಯಜಮಾನ ಅಲ್ವಾ? ಈ ತರ್ಕದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಕಾಡುಪ್ರಾಣಿ ಮೇಲಿನ ಸಿಟ್ಟು ಅಂತ ನಾವು ಕರೆಯುವುದರಲ್ಲಿ ದೊಡ್ಡ ಪಾಲು ಇಲಾಖೆ ಮೇಲಿನ ಸಿಟ್ಟು, ಪ್ರಾಣಿ ಅದಕ್ಕೆ ನೆಪ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಹಿಂದೆ ಹಂದಿ ಇರಲಿಲ್ಲವಾ? ಇತ್ತು. ನಷ್ಟ ಆಗುತ್ತಿರಲಿಲ್ಲವಾ? ಆಗುತ್ತಿತ್ತು. ಆಗ ಮಳೆ ಬಿದ್ದರೆ ಬಯಲಿಗೆ ಬಯಲೇ ಒಂದೇ ವಾರದಲ್ಲಿ ಬಿತ್ತುತ್ತಿದ್ದರು, ಎಲ್ಲರದೂ ರಾಗಿ, ನಡುವಿನ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಸಾಸಿವೆ. ಹಂದಿ ಬಂದರೂ ಹಕ್ಕಿ ಬಂದರೂ ನೂರು ಹೊಲಕ್ಕೆ ಹಂಚಿಹೋಗುತ್ತಿತ್ತು. ಕಾವಲೂ ಹಾಗೆಯೇ. ಅಟ್ಟಣೆ ಹಾಕಿ, ಕವಣೆ ಇಟ್ಟುಕೊಂಡು, ಒಂದು ಹೊಲದಿಂದ ಕೂಗಿದರೆ ಇನ್ನೊಂದು ಹೊಲದಿಂದ ಓ ಅನ್ನುತ್ತಿದ್ದರು. ಈಗ ಬಯಲಲ್ಲಿ ಒಬ್ಬನದು ಅಡಿಕೆ, ಒಬ್ಬನದು ಬೀಳು, ಒಬ್ಬನದು ನೀಲಗಿರಿ, ನಡುವೆ ಒಬ್ಬ ಕಡಲೆಕಾಯಿ ಹಾಕಿರುತ್ತಾನೆ. ಸುತ್ತಲಿನ ಹಂದಿಯೆಲ್ಲ ಅವನೊಬ್ಬನ ಪಾಲಿಗೆ. ಸಿರಿಧಾನ್ಯ ಒಳ್ಳೆಯದು ಅಂತ 2023ರಲ್ಲಿ ಅಂತರರಾಷ್ಟ್ರೀಯ ವರ್ಷವನ್ನೇ ಆಚರಿಸಿದೆವು. ಯಾರೋ ಉತ್ಸಾಹದಿಂದ ಒಂದೆಕರೆ ನವಣೆಯನ್ನೋ ಸಾಮೆಯನ್ನೋ ಹಾಕಿದರೆ ಇಡೀ ಹೋಬಳಿಯ ಗುಬ್ಬಿ, ಗಿಳಿ ಅಲ್ಲಿಗೇ ಬರುತ್ತವೆ. ಮುಂದಿನ ವರ್ಷ ಅವನು ನವಣೆ ಮಾತೆತ್ತುವುದಿಲ್ಲ.

ಕಾವಲಿಗೆ ಈಗ ಯಾರಿದ್ದಾರೆ? ಹುಡುಗರು ಪೀಣ್ಯದಲ್ಲಿ, ನೆಲಮಂಗಲದಲ್ಲಿ, ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮಾಡುತ್ತಿದ್ದಾರೆ. ಊರಲ್ಲಿ ಉಳಿದಿರುವುದು ವಯಸ್ಸಾದವರು. ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಮಳೆ ನಂಬಿ ಬೆಳೆದ ಒಂದೆಕರೆಗೆ ತಿಂಗಳುಗಟ್ಟಲೆ ರಾತ್ರಿ ಆಳು ಇಟ್ಟರೆ ಫಸಲಿನ ದೊಡ್ಡ ಪಾಲು ಆಳಿಗೇ ಹೋಗುತ್ತದೆ. ಹಾಗಾಗಿ ಹಳೇ ಸೀರೆ ಕಟ್ಟುತ್ತಾರೆ, ಕಟಿಂಗ್ ಶಾಪಿನಿಂದ ಕೂದಲು ತಂದು ಬದುವಿನ ಮೇಲೆ ಉದುರಿಸುತ್ತಾರೆ, ನಾಯಿ ಬೊಗಳುವ ಸದ್ದನ್ನು ರೆಕಾರ್ಡ್ ಮಾಡಿ ರಾತ್ರಿಯೆಲ್ಲ ಮೈಕಿನಲ್ಲಿ ಹಾಕುತ್ತಾರೆ. ಒಂದು ವಾರ ಕೆಲಸ ಮಾಡುತ್ತದೆ. ಹಂದಿ ದಡ್ಡ ಪ್ರಾಣಿಯಲ್ಲ. ಕೊನೆಗೆ ಸಾಕಪ್ಪಾ ಸಾಕು ಅಂತ ಕಡಲೆಕಾಯಿ ಬಿಟ್ಟು ಅಡಿಕೆ ಇಡುತ್ತಾರೆ. ಅಡಿಕೆ ಹಬ್ಬಿರುವುದಕ್ಕೆ ರೇಟು, ಬೋರ್‌ವೆಲ್, ಆಳಿನ ಅಭಾವ ಎಲ್ಲವೂ ಕಾರಣ ನಿಜ, ಆದರೆ ಹಂದಿ ಕಾಟಕ್ಕೆ ಬೆಳೆಯನ್ನೇ ಬದಲಿಸಿದವರೂ ಅದರಲ್ಲಿ ಇದ್ದಾರೆ. ರೈತನ ಅಭಿಪ್ರಾಯ ಏನು ಅಂತ ಪ್ರಶ್ನಾವಳಿ ಹಿಡಿದು ಕೇಳುವವರು ಅವನು ಈ ವರ್ಷ ಏನು ಬಿತ್ತಿದ್ದಾನೆ ಅಂತಲೂ ನೋಡಬೇಕು. ಬಾಯಿಂದ ಬರದೇ ಇರುವುದು ಅಲ್ಲಿ ಬರೆದಿರುತ್ತದೆ.

ಕಾನೂನು ಏನು ಹೇಳುತ್ತದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂತು, 2023ರ ಏಪ್ರಿಲ್‌ನಿಂದ ಜಾರಿಯಾಯಿತು. ನವಿಲು, ಕೃಷ್ಣಮೃಗ, ಚಿರತೆ, ಕರಡಿ, ನಮ್ಮೂರ ಕೋತಿ ಎಲ್ಲವೂ ಈಗ ಒಂದನೇ ಪಟ್ಟಿಯಲ್ಲಿ. ಇವುಗಳನ್ನು ಬೇಟೆಯಾಡಿದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಬೆಳೆ ತಿಂದಿತು ಅನ್ನುವುದು ಇಲ್ಲಿ ಕಾರಣವೇ ಆಗುವುದಿಲ್ಲ. ಹಂದಿ ಎರಡನೇ ಪಟ್ಟಿಯಲ್ಲಿದೆ. ಜನರ ಜೀವಕ್ಕೋ ಆಸ್ತಿಗೋ, ನಿಂತ ಬೆಳೆಯೂ ಸೇರಿ, ಅಪಾಯ ಅನ್ನಿಸಿದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಹಂದಿ ಹೊಡೆಯಲು ಲಿಖಿತ ಅನುಮತಿ ಕೊಡಬಹುದು ಅಂತ 11ನೇ ಸೆಕ್ಷನ್ ಹೇಳುತ್ತದೆ. ಕೇರಳ ಇದನ್ನೇ ಹಿಡಿದು 2022ರಲ್ಲಿ ಆ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರಿಗೆ, ಪಟ್ಟಣಗಳ ಅಧ್ಯಕ್ಷರಿಗೆ ಕೊಟ್ಟಿತು.

ನಮ್ಮಲ್ಲೂ ಹಾಗೆ ಮಾಡಬೇಕು ಅನ್ನುವವರು ಬಹಳ ಇದ್ದಾರೆ. ನನಗೆ ಅರ್ಧ ಮನಸ್ಸು. ಒಳ್ಳೆಯದೇನೆಂದರೆ, ನಿರ್ಧಾರ ಊರಿಗೆ ಬಂದ ಕೂಡಲೇ ಆ 'ನಿಮ್ಮ ಹಂದಿ' ಅನ್ನುವ ಮಾತು ಸ್ವಲ್ಪ ಸಡಿಲವಾಗುತ್ತದೆ. ಅಡ್ಡಿ ಏನೆಂದರೆ, ಹೊಡೆಯುವವರು ಯಾರು? ಲೈಸೆನ್ಸ್ ಬಂದೂಕು ಇರುವವರು ಬಯಲುಸೀಮೆಯಲ್ಲಿ ಎಷ್ಟು ಮಂದಿ? ಜಾಲಿ ಪೊದೆಯೊಳಗೆ ರಾತ್ರಿ ಗುಂಡು ಹಾರಿಸಿದರೆ ಯಾರಿಗೆ ತಗಲುತ್ತದೋ. ಜೊತೆಗೆ, ಹತ್ತು ಹಂದಿ ಹೊಡೆದರೂ ಪೊದೆ ಹಾಗೇ ಇದ್ದರೆ ಎರಡು ವರ್ಷದಲ್ಲಿ ಮತ್ತೆ ಅಷ್ಟೇ ಹಂದಿ. ಕೆರೆ ಅಂಗಳದ ಜಾಲಿ ತೆಗೆಸುವುದು ಹಂದಿ ಸಮಸ್ಯೆಯ ಪಟ್ಟಿಯಲ್ಲಿ ಬರುವುದೇ ಇಲ್ಲ, ಅದು ಬೇರೆ ಇಲಾಖೆಯ ಕೆಲಸ ನೋಡಿ.

ಅನುಮತಿ ಸಿಗಲಿ ಬಿಡಲಿ, ಜನ ತಮ್ಮದೇ ದಾರಿ ಹುಡುಕಿಕೊಳ್ಳುತ್ತಾರೆ. ಅದೇ ಹೆದರಿಕೆ. ಬೈಕಿನ ಕ್ಲಚ್ ವೈರು ತಂದು ಬೇಲಿ ಸಂದಿಯಲ್ಲಿ ಉರುಳು ಹಾಕುತ್ತಾರೆ. ಹಂದಿಗೆ ಅಂತ ಹಾಕಿದ ಉರುಳಿಗೆ ಚಿರತೆ ಬೀಳುತ್ತದೆ. ಸೊಂಟಕ್ಕೆ ತಂತಿ ಬಿಗಿದು ಒದ್ದಾಡುವ ಚಿರತೆಯ ವಿಡಿಯೋ ಮೊಬೈಲಿನಲ್ಲಿ ಹರಿದಾಡುತ್ತದೆ. ಮರಿಹಂದಿ ತಿಂದು ಒಂದಿಷ್ಟಾದರೂ ಸಹಾಯ ಮಾಡುತ್ತಿದ್ದ ಪ್ರಾಣಿ ಅದೇ ಅನ್ನುವುದು ಆ ಹೊತ್ತಿಗೆ ಯಾರ ನೆನಪಿಗೂ ಬರುವುದಿಲ್ಲ. ಸಿಡಿಮದ್ದಿನ ಉಂಡೆ ಇಡುತ್ತಾರೆ, ಅದನ್ನು ಕಚ್ಚಿ ಊರ ಹಸುವಿನ ದವಡೆ ಹಾರಿಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಂಬದಿಂದ ನೇರ ಕರೆಂಟ್ ಎಳೆದು ಬೇಲಿಗೆ ಕೊಡುವುದು. ಸೋಲಾರ್ ಝಟ್ಕಾ ಬೇಲಿಯಲ್ಲಿ ಕರೆಂಟ್ ಬಿಟ್ಟು ಬಿಟ್ಟು, ಕ್ಷಣ ಮಾತ್ರ ಹರಿಯುತ್ತದೆ. ಹೊಡೆತ ಬೀಳುತ್ತದೆ, ಜೀವ ಹೋಗುವುದಿಲ್ಲ. ಕಂಬದ 230 ವೋಲ್ಟ್ ಹಾಗಲ್ಲ, ಹಿಡಿದರೆ ಬಿಡುವುದಿಲ್ಲ. ಬೆಳಗಿನ ಜಾವ ನೀರು ಕಟ್ಟಲು ಹೋದ ಪಕ್ಕದ ಹೊಲದವನೋ, ಸ್ವಿಚ್ ಆಫ್ ಆಗಿದೆ ಅಂದುಕೊಂಡ ಅದೇ ಮನೆಯ ಇನ್ನೊಬ್ಬನೋ ಅದಕ್ಕೆ ಸಿಕ್ಕಿ ಸತ್ತ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಕರೆಂಟ್ ಕೊಟ್ಟವನ ಮೇಲೆ ನರಹತ್ಯೆ ಕೇಸು. ಎರಡು ಮನೆ ಹಾಳು. ಇದನ್ನು ರೈತನ ಅಸಹಾಯಕತೆ ಅಂತ ಯಾರಾದರೂ ಮೆತ್ತಗೆ ಬರೆದರೆ ನಾನು ಒಪ್ಪುವುದಿಲ್ಲ.

ಪರಿಹಾರ ಇಲ್ಲವೇ? ಇದೆ. ಅರಣ್ಯ ಇಲಾಖೆಗೆ ಅರ್ಜಿ ಹಾಕಬಹುದು. ಪಹಣಿ, ಆಧಾರ್, ಪಾಸ್‌ಬುಕ್, ಫೋಟೋ, ಮಹಜರು. ಇಲ್ಲಿ ಮೊದಲನೇ ಕಲ್ಲು ಪಹಣಿಯೇ. ಜಿಲ್ಲೆಯ ಎಷ್ಟೋ ಜಮೀನು ಇನ್ನೂ ತೀರಿಕೊಂಡ ತಾತನ ಹೆಸರಲ್ಲೇ ಇದೆ, ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಲ್ಲ, ಅಣ್ಣತಮ್ಮಂದಿರ ಸಹಿ ಕೂಡಿಲ್ಲ. ಬೇರೆಯವರ ಹೊಲವನ್ನು ಪಾಲಿಗೋ ಗುತ್ತಿಗೆಗೋ ಮಾಡುವವನ ಹೆಸರಂತೂ ಯಾವ ಕಾಗದದಲ್ಲೂ ಇಲ್ಲ, ಅವನ ಹೊಲ ಹಂದಿ ತಿಂದರೆ ಪರಿಹಾರ ಬೆಂಗಳೂರಿನಲ್ಲಿರುವ ಜಮೀನುದಾರನಿಗೆ. ಎರಡು ಗುಂಟೆ ಕಡಲೆಕಾಯಿ ಹೋದದ್ದಕ್ಕೆ ನಾಲ್ಕು ಸಲ ಬಸ್ ಹತ್ತುವುದು ಯಾಕೆ ಅಂತ ಬಹಳ ಜನ ಅರ್ಜಿಯನ್ನೇ ಹಾಕುವುದಿಲ್ಲ. ಇದೇ ಕಾರಣಕ್ಕೆ ಬಂಡೀಪುರ, ನಾಗರಹೊಳೆ ಸುತ್ತ 2015ರಿಂದ ವೈಲ್ಡ್ ಸೇವೆ ಅನ್ನುವ ಕಾರ್ಯಕ್ರಮದವರು ರೈತರು ಫೋನ್ ಮಾಡಿದರೆ ಹೊಲಕ್ಕೇ ಬಂದು ಅರ್ಜಿ ತುಂಬಿಕೊಡುತ್ತಿದ್ದಾರೆ. ಹುಲಿ ಕಾಡಿನ ಸುತ್ತ ಇರುವ ಇಂಥ ವ್ಯವಸ್ಥೆಯನ್ನು ಬಯಲುಸೀಮೆಗೂ ತರಬೇಕು ಅಂತ ಕೇಳುವವರು ಕಡಿಮೆ.

ವಿಮೆ ಕಡೆಯಿಂದ ಹೊಸ ಬೆಳವಣಿಗೆ ಇದೆ. ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿ ದಾಳಿಯ ನಷ್ಟವನ್ನೂ ಸೇರಿಸುತ್ತೇವೆ, 2026ರ ಮುಂಗಾರಿನಿಂದ ಜಾರಿ ಅಂತ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಹೇಳಿತು. ಇದು ಯಾಕೆ ಮುಖ್ಯ ಅಂದರೆ, ಈ ವಿಮೆಯಲ್ಲಿ ಮಾಮೂಲಿಯಾಗಿ ನಷ್ಟ ಲೆಕ್ಕ ಹಾಕುವುದು ಪ್ರದೇಶದ ಸರಾಸರಿ ಇಳುವರಿ ಮೇಲೆ. ಬರ ಬಂದರೆ ಇಡೀ ಪಂಚಾಯ್ತಿಗೆ ಬರುತ್ತದೆ, ಸರಾಸರಿ ಇಳಿಯುತ್ತದೆ, ಎಲ್ಲರಿಗೂ ದುಡ್ಡು. ಹಂದಿ ಒಬ್ಬನ ಹೊಲಕ್ಕೆ ಬರುತ್ತದೆ, ಸರಾಸರಿ ಅಲ್ಲಾಡುವುದೇ ಇಲ್ಲ. ಈಗ ಅದನ್ನು ಆಲಿಕಲ್ಲು ಮಳೆಯ ಹಾಗೆ ಸ್ಥಳೀಯ ನಷ್ಟ ಅಂತ ಪರಿಗಣಿಸುತ್ತಾರೆ. 72 ಗಂಟೆಯೊಳಗೆ ಆ್ಯಪ್‌ನಲ್ಲಿ ಜಾಗದ ಗುರುತಿರುವ ಫೋಟೋ ಹಾಕಬೇಕು. ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳಿಗೆ ರೈತನ ಪಾಲಿನ ಪ್ರೀಮಿಯಂ ಶೇ 2. ನೂರು ಹೊಲಕ್ಕೆ ಹಂಚಿಹೋಗುತ್ತಿದ್ದ ನಷ್ಟವನ್ನು ಕಾಗದದ ಮೇಲಾದರೂ ಮತ್ತೆ ಹಂಚುವ ಪ್ರಯತ್ನ ಇದು ಅನ್ನಬಹುದು.

ಆದರೆ ಎರಡು ಕೊಕ್ಕೆ ಇದೆ. ಅಡಿಕೆಗೆ ಇರುವುದು ಹವಾಮಾನ ಆಧಾರಿತ ವಿಮೆ, ಅದು ಮಳೆ, ತೇವಾಂಶ ನೋಡುತ್ತದೆ. ತೆಂಗಿನದು ಇನ್ನೊಂದು ಸ್ಕೀಮು. ಎಳನೀರು ಕುಡಿದ ಕೋತಿ ಈ ಹೊಸ ಘೋಷಣೆಯೊಳಗೆ ಬರುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ಯಾವ ಪ್ರಾಣಿ, ಯಾವ ಜಿಲ್ಲೆ ಅನ್ನುವುದನ್ನು ರಾಜ್ಯ ಸರ್ಕಾರ ಹಿಂದಿನ ದಾಖಲೆ ನೋಡಿ ಪಟ್ಟಿ ಮಾಡಬೇಕು. ದಾಖಲೆ ಅಂದರೆ ಏನು? ಹಿಂದೆ ಬಂದ ಅರ್ಜಿಗಳು, ಕೊಟ್ಟ ಪರಿಹಾರ. ಕೊಡಗು, ಹಾಸನ, ಚಾಮರಾಜನಗರದಿಂದ ಕಂತೆ ಕಂತೆ ಅರ್ಜಿ ಇರುತ್ತವೆ. ತುಮಕೂರಿನಲ್ಲಿ ನಷ್ಟವಾದವರು ಬೈದು ಸುಮ್ಮನಾಗಿದ್ದಾರೆ, ಅಥವಾ ಬೆಳೆ ಬದಲಿಸಿದ್ದಾರೆ, ಅಥವಾ ಉರುಳು ಹಾಕಿದ್ದಾರೆ. ಈ ಮೂರಕ್ಕೂ ಕಡತದಲ್ಲಿ ಜಾಗ ಇಲ್ಲ. ಕಡತ ನೋಡಿದ ಅಧಿಕಾರಿಗೆ ಈ ಜಿಲ್ಲೆಯಲ್ಲಿ ಹಂದಿ ಕಾಟವೇ ಇಲ್ಲ ಅನ್ನಿಸಿದರೆ ಅವರನ್ನು ದೂರುವುದು ಹೇಗೆ? ಹಾಗಾಗಿ ರೈತ ಸಂಘದವರು ಈ ಸಲ ಡಿಸಿ ಆಫೀಸಿಗೆ ಮನವಿ ಕೊಡುವುದರ ಜೊತೆಗೆ ಪಂಚಾಯ್ತಿ ಪಂಚಾಯ್ತಿಗೂ ಹೋಗಿ, ಸಣ್ಣ ನಷ್ಟಕ್ಕೂ, ಸಿಗುವ ದುಡ್ಡು ಬಸ್ ಚಾರ್ಜಿಗೆ ಸಾಲದಿದ್ದರೂ, ಅರ್ಜಿ ಹಾಕಿಸಿದರೆ ಮುಂದಿನ ಪಟ್ಟಿ ಮಾಡುವಾಗ ಪಾವಗಡ, ಶಿರಾ, ಮಧುಗಿರಿಯ ಹೆಸರು ಬರುವುದಕ್ಕೆ ಒಂದು ಆಧಾರ ಸಿಗುತ್ತದೆ. ನವಿಲನ್ನೂ ಆ ಅರ್ಜಿಗಳಲ್ಲಿ ಬರೆಸುವುದು ಒಳ್ಳೆಯದು. ಯಾಕೆಂದರೆ ಪ್ರಾಣಿಗಳ ಪಟ್ಟಿಯೂ ಅದೇ ಮೇಜಿನ ಮೇಲೆ ತಯಾರಾಗುತ್ತದೆ.